ತಲೆನೋವು ಅಂದ ತಕ್ಷಣ ಕನ್ನಡಕ ಅಲ್ಲ

ಭಾಗ 1/10

ಸ್ಕ್ರಾಲ್ ಮಾಡೋಕೆ ಮುಂಚೆ ಒಂದು ಪ್ರಶ್ನೆ. ನಿಮ್ಮ ಮನೆಯ ಚಿಕ್ಕವರು, ತಮ್ಮನೋ ತಂಗಿಯೋ ಅಕ್ಕನ ಮಗನೋ, ಹೋದ ವರ್ಷದಿಂದ ಈ ವರ್ಷಕ್ಕೆ ಎಷ್ಟು ಸೆಂಟಿಮೀಟರ್ ಎತ್ತರ ಆಗಿದ್ದಾರೆ?

ಗೊತ್ತಿಲ್ಲ ಅಲ್ವಾ? ಬೇಜಾರಿಲ್ಲ, ಬಹಳ ಮನೆಗಳಲ್ಲಿ ಗೊತ್ತಿರಲ್ಲ. ಫೋನಲ್ಲಿ ಎಷ್ಟು ಜಿಬಿ ಖಾಲಿ ಇದೆ ಅಂತ ಮಾತ್ರ ಎಲ್ಲರಿಗೂ ಗೊತ್ತು. ಈ ಪ್ರಶ್ನೆ ಯಾಕೆ ಕೇಳಿದೆ ಅನ್ನೋದು ಮುಂದೆ ಬರುತ್ತೆ.

2025ರ ಜೂನ್, ಜುಲೈ ನೆನಪು ಮಾಡ್ಕೊಳ್ಳಿ. ಟಿವಿ ಹಾಕಿದ್ರೆ ಹಾಸನ, ಹಾರ್ಟ್ ಅಟ್ಯಾಕ್. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಾಗೋ ಮುಂಚೆ ಜನ ಕ್ಯೂ ನಿಂತರು. ಎದೆ ಸ್ವಲ್ಪ ಉರಿದ್ರೂ ಇಸಿಜಿ. ಹೆದರಿದ್ದು ಜಾಸ್ತಿ ಆಯ್ತು ಅಂತ ಆಮೇಲೆ ಎಷ್ಟೋ ಜನ ನಕ್ಕರು. ನಾನು ನಗಲ್ಲ. ಒಂದು ಕಾಯಿಲೆ ಸುದ್ದಿಯಾದ್ರೆ ನಮ್ಮ ಜಿಲ್ಲೆ ಎದ್ದು ಆಸ್ಪತ್ರೆಗೆ ಹೋಗುತ್ತೆ ಅನ್ನೋದು ಅವತ್ತು ಗೊತ್ತಾಯ್ತು. ಸುದ್ದಿಯಾಗದ ಕಾಯಿಲೆಗಳ ಗತಿ ಏನು?

ಈ ಸಲದ ಸರಣಿ ಅಂಥ ಒಂದು ಕಾಯಿಲೆ ಬಗ್ಗೆ: ಮಕ್ಕಳ ತಲೆಬುರುಡೆಯ ತಳದಲ್ಲಿ ಬೆಳೆಯೋ ಗಡ್ಡೆಗಳು, ಮತ್ತೆ ಅವುಗಳ ಆಪರೇಷನ್. ಹೆಸರು ಕೇಳಿದ್ರೇ ಭಯ ಆಗುತ್ತೆ, ಒಪ್ತೀನಿ. ಆದ್ರೆ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಈ ಮಕ್ಕಳ ಕಣ್ಣು ಉಳಿಯುತ್ತೋ ಇಲ್ಲವೋ ಅನ್ನೋದು ಬೆಂಗಳೂರಿನ ಆಪರೇಷನ್ ಥಿಯೇಟರಿನಲ್ಲಿ ಮಾತ್ರ ತೀರ್ಮಾನ ಆಗಲ್ಲ. ಅದಕ್ಕೂ ಎಷ್ಟೋ ತಿಂಗಳು ಮೊದಲು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಮನೆಗಳಲ್ಲಿ, ಸ್ಕೂಲುಗಳಲ್ಲಿ, ಮೆಡಿಕಲ್ ಸ್ಟೋರುಗಳಲ್ಲಿ ತೀರ್ಮಾನ ಆಗ್ತಾ ಬಂದಿರುತ್ತೆ. ಆ ತಿಂಗಳುಗಳನ್ನ ಕಡಿಮೆ ಮಾಡೋ ಕೆಲಸ ಡಾಕ್ಟರಿಗಿಂತ ಮೊದಲು ನಮ್ಮ ವಯಸ್ಸಿನವರದ್ದು.

ಭಾಗ 2/10

ಮೊದಲು ಜಾಗ ಯಾವುದು ಅಂತ ನೋಡೋಣ.

ತಲೆಬುರುಡೆ ಅಂದ್ರೆ ಮೇಲಿನ ಗುಂಡಗಿನ ಭಾಗ ಮಾತ್ರ ಅಲ್ಲ. ಮೆದುಳು ಕೂರೋಕೆ ಒಂದು ನೆಲ ಬೇಕಲ್ಲ? ಕಣ್ಣಿನ ಹಿಂದೆ, ಮೂಗಿನ ಮೇಲೆ, ಎರಡು ಕಿವಿಗಳ ನಡುವೆ ಇರೋ ಮೂಳೆಯ ನೆಲವೇ ಸ್ಕಲ್ ಬೇಸ್, ಬುರುಡೆಯ ತಳ. ಈ ನೆಲ ಸಪಾಟಾಗಿಲ್ಲ, ತುಂಬ ತೂತುಗಳಿವೆ. ಮೆದುಳಿಗೆ ರಕ್ತ ಒಯ್ಯೋ ದೊಡ್ಡ ನಾಳಗಳು ಇಲ್ಲಿಂದಲೇ ಒಳಗೆ ಹೋಗೋದು. ಕಣ್ಣು, ಮುಖ, ಕಿವಿ, ನಾಲಿಗೆಗೆ ಹೋಗೋ ನರಗಳು ಇಲ್ಲಿಂದಲೇ ಹೊರಗೆ ಬರೋದು. ಹಳೇ ಮನೆಗಳಲ್ಲಿ ಮೀಟರ್ ಬೋರ್ಡ್, ನೀರಿನ ಪೈಪು, ಫೋನ್ ವೈರು ಎಲ್ಲ ಒಂದೇ ಗೋಡೆಯ ಮೂಲೆಯಲ್ಲಿ ತುರುಕಿರ್ತಾರಲ್ಲ, ಹಾಗೆ.

ಆ ನೆಲದ ನಡುವೆ ಒಂದು ಪುಟ್ಟ ಗುಳಿ ಇದೆ. ಕುದುರೆಯ ಜೀನಿನ ಆಕಾರ ಇರೋದ್ರಿಂದ ಅದಕ್ಕೆ ಸೆಲ್ಲಾ ಟರ್ಸಿಕಾ, ಅಂದ್ರೆ ತುರ್ಕಿ ಜೀನು ಅಂತ ಹೆಸರು. ಆ ಜೀನಿನ ಮೇಲೆ ಬಟಾಣಿ ಕಾಳಿನಷ್ಟು ದೊಡ್ಡ ಪಿಟ್ಯುಟರಿ ಗ್ರಂಥಿ ಕೂತಿದೆ. ನಾವು ಎತ್ತರ ಆಗೋದು, ಮೈ ನೆರೆಯೋದು, ಮೀಸೆ ಬರೋದು, ದೇಹದಲ್ಲಿ ನೀರು ಉಳಿಯೋದು, ಜ್ವರ ಬಂದಾಗ ಬಿಪಿ ಬೀಳದೆ ಇರೋದು, ಎಲ್ಲಕ್ಕೂ ಅಲ್ಲಿಂದಲೇ ಆರ್ಡರ್ ಹೋಗ್ಬೇಕು.

ಅದರ ಸ್ವಲ್ಪ ಮೇಲೆ ಎರಡೂ ಕಣ್ಣಿನ ನರಗಳು ಒಂದನ್ನೊಂದು ದಾಟೋ ಕೂಡುರಸ್ತೆ ಇದೆ. ಗ್ರಂಥಿಯ ಜಾಗದಲ್ಲಿ ಗಡ್ಡೆ ಬೆಳೆದು ಮೇಲಕ್ಕೆ ಒತ್ತಿದ್ರೆ ಮೊದಲು ಪೆಟ್ಟು ಬೀಳೋದು ಈ ಕೂಡುರಸ್ತೆಗೆ. ಆಗ ಎದುರಿಗೆ ಇರೋದು ಕಾಣುತ್ತೆ, ಅಕ್ಕಪಕ್ಕದ್ದು ಮಾಯ ಆಗ್ತಾ ಹೋಗುತ್ತೆ. ಮಗು ಬೋರ್ಡ್ ಓದುತ್ತೆ, ಬಾಗಿಲ ಚೌಕಟ್ಟಿಗೆ ಭುಜ ಹೊಡೆಸಿಕೊಳ್ಳುತ್ತೆ. ಮನೆಯವರು ಬೈಯೋದು ಒಂದೇ ಮಾತು: ಕಣ್ಣು ಕಾಣಲ್ವಾ ನಿಂಗೆ?

ಹೌದು, ಕಾಣಲ್ಲ.

ಭಾಗ 3/10

ಗಡ್ಡೆ ಅಂದ್ರೆ ಎಲ್ಲವೂ ಕ್ಯಾನ್ಸರ್ ಅಲ್ಲ. ಇದನ್ನ ದಯವಿಟ್ಟು ಮನೆಯಲ್ಲಿ ಎಲ್ಲರಿಗೂ ಹೇಳಿ.

ಮಕ್ಕಳಲ್ಲಿ ಈ ಜಾಗದಲ್ಲಿ ಬರೋ ಮುಖ್ಯ ಗಡ್ಡೆಯ ಹೆಸರು ಕ್ರೇನಿಯೋಫ್ಯಾರಿಂಜಿಯೋಮಾ. ಹೆಸರು ಮರೆತುಹೋದ್ರೂ ಪರವಾಗಿಲ್ಲ, ಗುಣ ನೆನಪಿಡಿ. ಮಗು ಹೊಟ್ಟೆಯಲ್ಲಿ ಬೆಳೆಯುವಾಗ ಪಿಟ್ಯುಟರಿ ರೂಪುಗೊಳ್ಳುತ್ತಲ್ಲ, ಆಗ ಉಳಿದುಹೋದ ಕಣಗಳಿಂದ ಇದು ಹುಟ್ಟುತ್ತೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣಿಸೋದು 5ರಿಂದ 14 ವರ್ಷದೊಳಗೆ. ಕ್ಯಾನ್ಸರಿನ ಹಾಗೆ ಮೈಯೆಲ್ಲ ಹರಡಲ್ಲ. ಆದ್ರೆ ಕಣ್ಣಿನ ನರಕ್ಕೆ, ಹಸಿವು ನಿದ್ದೆ ನೋಡಿಕೊಳ್ಳೋ ಹೈಪೋಥಲಾಮಸ್‌ಗೆ ಅಂಟು ಹಾಕಿದ ಹಾಗೆ ಅಂಟಿಕೊಳ್ಳುತ್ತೆ. ಈ ಹೆಸರನ್ನ 1932ರಲ್ಲಿ ಬಳಕೆಗೆ ತಂದ ಅಮೆರಿಕದ ಸರ್ಜನ್ ಹಾರ್ವೇ ಕುಶಿಂಗ್ ಅವರಿಗೇ ಇದು ಬಹಳ ಕಷ್ಟದ ಗಡ್ಡೆ ಅನ್ನಿಸಿತ್ತು.

ಎರಡನೇದು ಹುಡುಗರದ್ದು. ಜುವೆನೈಲ್ ಆಂಜಿಯೋಫೈಬ್ರೋಮಾ. ಹದಿಹರೆಯದ ಗಂಡುಮಕ್ಕಳಲ್ಲಿ ಮೂಗಿನ ಹಿಂಭಾಗದಲ್ಲಿ ಹುಟ್ಟಿ ಬುರುಡೆಯ ತಳಕ್ಕೆ ಹಬ್ಬಬಹುದು. ಇದೂ ಕ್ಯಾನ್ಸರ್ ಅಲ್ಲ, ಆದ್ರೆ ಪೂರ್ತಿ ರಕ್ತನಾಳಗಳ ಗಂಟು. ಏನಿದು ಅಂತ ಚೂರು ಕಿತ್ತು ನೋಡೋಕೆ ಹೋದ್ರೆ ರಕ್ತ ನಿಲ್ಲಿಸೋದು ಕಷ್ಟ. ಅದಕ್ಕೇ ಮೊದಲು ಸ್ಕ್ಯಾನ್.

ಇನ್ನು ಕಾರ್ಡೋಮಾ, ಕಣ್ಣಿನ ನರದ ಗ್ಲಿಯೋಮಾ, ರ‍್ಯಾಬ್ಡೋಮಯೋಸಾರ್ಕೋಮಾ ಅಂತ ಬೇರೆ ಬೇರೆ ಇವೆ. ಕೊನೆಯದು ನಿಜವಾಗಲೂ ಕ್ಯಾನ್ಸರ್.

ಎಷ್ಟು ಅಪರೂಪ? ಕ್ರೇನಿಯೋಫ್ಯಾರಿಂಜಿಯೋಮಾ ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬರೋ ಇಬ್ಬರೋ, ಅಷ್ಟೇ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಜನಸಂಖ್ಯೆ ಹದಿನೇಳು ಮುಕ್ಕಾಲು ಲಕ್ಷ. ಈ ಲೆಕ್ಕ ಹಾಕಿದ್ರೆ ಇಡೀ ಜಿಲ್ಲೆಗೆ ವರ್ಷಕ್ಕೆ ಒಂದರಿಂದ ಮೂರು ಜನ, ಅವರಲ್ಲೂ ಎಲ್ಲರೂ ಮಕ್ಕಳಲ್ಲ. ಹಾಗಾಗಿ ತಂಗಿಗೆ ತಲೆನೋವು ಬಂತು ಅಂತ ಈ ರಾತ್ರಿನೇ ನಿದ್ದೆ ಕೆಡಿಸಿಕೊಳ್ಳಬೇಡಿ. ತಲೆನೋವಿಗೆ ನೂರು ಕಾರಣ, ಅವುಗಳಲ್ಲಿ ಬಹುತೇಕ ಸಣ್ಣವು.

ಭಾಗ 4/10

ಈಗ ನಾಲ್ಕು ಊರು, ನಾಲ್ಕು ಮಕ್ಕಳು. ಇವರು ಯಾರೂ ನಿಜವಾದವರಲ್ಲ, ರೋಗದ ಲಕ್ಷಣಗಳನ್ನ ನಮ್ಮ ಕಡೆಯ ಮಾತಿನಲ್ಲಿ ಹೇಳೋಕೆ ನಾನೇ ಕಲ್ಪಿಸಿಕೊಂಡವರು. ಆದ್ರೆ ಮಾತುಗಳು ಮಾತ್ರ ನೀವು ಕೇಳಿರೋವೇ.

ಅರಕಲಗೂಡು ಕಡೆಯ ಹಳ್ಳಿ, ನಾಲ್ಕನೇ ಕ್ಲಾಸ್ ಹುಡುಗಿ. ಜೂನ್‌ನಲ್ಲಿ ಬೆಳಗ್ಗೆ ಎದ್ದ ತಕ್ಷಣ ತಲೆನೋವು. ಸ್ಕೂಲ್ ತಪ್ಪಿಸೋಕೆ ನೆಪ ಅಂದ್ರು. ಆಗಸ್ಟ್‌ನಲ್ಲಿ ವಾಂತಿ. ಪಿತ್ತ ಅಂದ್ರು, ಜೀರಿಗೆ ಕಷಾಯ ಕುಡಿಸಿದ್ರು. ಅಕ್ಟೋಬರ್‌ನಲ್ಲಿ ಕನ್ನಡಕ. ಡಿಸೆಂಬರ್‌ನಲ್ಲಿ ಇನ್ನೊಂದು ಕನ್ನಡಕ. ಜನವರಿಯಲ್ಲಿ ದೃಷ್ಟಿ ತೆಗೆದ್ರು. ಶುಂಠಿ ಕಿತ್ತು ಕೈಗೆ ದುಡ್ಡು ಬಂದ ಮೇಲೆ ಸ್ಕ್ಯಾನ್. ಅಷ್ಟರಲ್ಲಿ ಒಂಬತ್ತು ತಿಂಗಳು.

ಹೊಳೆನರಸೀಪುರ, ಒಂಬತ್ತನೇ ಕ್ಲಾಸ್ ಹುಡುಗ. ಒಂದೇ ಹೊಳ್ಳೆ ಯಾವಾಗಲೂ ಕಟ್ಟಿರುತ್ತೆ, ವಾರಕ್ಕೆ ಎರಡು ಸಲ ಮೂಗಲ್ಲಿ ರಕ್ತ. ಉಷ್ಣ ಆಗಿದೆ ಅಂದ್ರು. ಎಳನೀರು, ಮಜ್ಜಿಗೆ, ಈರುಳ್ಳಿ ಮೂಸೋದು. ಬೇಸಿಗೆ ಮುಗಿದು ಮಳೆ ಬಂದ್ರೂ ಉಷ್ಣ ಇಳಿಯಲೇ ಇಲ್ಲ.

ಚನ್ನರಾಯಪಟ್ಟಣ, ಆರನೇ ಕ್ಲಾಸ್ ಹುಡುಗ. ಎರಡು ವರ್ಷದಿಂದ ಅದೇ ಯೂನಿಫಾರಂ ಪ್ಯಾಂಟ್, ಇನ್ನೂ ಗಿಡ್ಡ ಆಗಿಲ್ಲ. ಅಪ್ಪನೂ ಕುಳ್ಳಗೇ ಇದ್ರು ಅಂದ್ರು. ಹೊಸ ಪ್ಯಾಂಟಿನ ಖರ್ಚು ಉಳಿಯಿತು ಅಂತ ತಮಾಷೆಯೂ ಮಾಡಿದ್ರು.

ಹಾಸನ ಟೌನ್, ಎರಡನೇ ಕ್ಲಾಸ್ ಹುಡುಗಿ. ಬಾಟಲಿ ಬಾಟಲಿ ನೀರು ಕುಡೀತಾಳೆ, ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳ್ತಾಳೆ. ಶುಗರ್ ಟೆಸ್ಟ್ ಮಾಡಿಸಿದ್ರು, ನಾರ್ಮಲ್. ಸದ್ಯ, ಶುಗರ್ ಇಲ್ವಲ್ಲ ಅಂತ ಸುಮ್ಮನಾದ್ರು. ಶುಗರ್ ಇಲ್ಲದೆ ಇಷ್ಟು ನೀರು ಯಾಕೆ ಅಂತ ಯಾರೂ ಕೇಳಲಿಲ್ಲ. ಪಿಟ್ಯುಟರಿಯಿಂದ ಬರಬೇಕಾದ ನೀರು ಹಿಡಿಯೋ ಹಾರ್ಮೋನ್ ಕಡಿಮೆ ಆದ್ರೂ ಹೀಗೇ ಆಗುತ್ತೆ.

ಈ ಮನೆಗಳಲ್ಲಿ ಯಾರೂ ಕೆಟ್ಟವರಲ್ಲ, ಯಾರೂ ದಡ್ಡರೂ ಅಲ್ಲ. ಹತ್ತರಲ್ಲಿ ಒಂಬತ್ತು ಸಲ ಅವರ ಊಹೆಯೇ ಸರಿ ಇರುತ್ತೆ. ಮೊದಲ ಊಹೆ ತಪ್ಪಾದಾಗ ಎರಡನೇ ಪ್ರಶ್ನೆ ಕೇಳೋರು ಮನೇಲಿ ಒಬ್ಬರು ಬೇಕಿತ್ತು, ಅಷ್ಟೇ.

ಭಾಗ 5/10

ಹಾಗಾದ್ರೆ ಯಾವಾಗ ಎರಡನೇ ಪ್ರಶ್ನೆ ಕೇಳ್ಬೇಕು? ಈ ಭಾಗ ಸೇವ್ ಮಾಡಿಟ್ಕೊಳ್ಳಿ.

ಬೆಳಗಿನ ಹೊತ್ತು ತಲೆನೋವು, ಜೊತೆಗೆ ವಾಂತಿ, ವಾರಗಟ್ಟಲೆ ಮರುಕಳಿಸಿದ್ರೆ.
ಕನ್ನಡಕ ಹಾಕಿದ್ಮೇಲೂ ದೃಷ್ಟಿ ಕಮ್ಮಿ ಆಗ್ತಾ ಹೋದ್ರೆ, ಅಥವಾ ಪಕ್ಕದ ವಸ್ತುಗಳಿಗೆ ಡಿಕ್ಕಿ ಹೊಡೀತಿದ್ರೆ.
ಇದ್ದಕ್ಕಿದ್ದ ಹಾಗೆ ಮೆಳ್ಳೆಗಣ್ಣು ಬಂದ್ರೆ, ಒಂದು ವಸ್ತು ಎರಡಾಗಿ ಕಂಡ್ರೆ.
ನಾಲ್ಕು ವರ್ಷ ದಾಟಿದ ಮಗು ವರ್ಷಕ್ಕೆ ಸುಮಾರು 5ರಿಂದ 6 ಸೆಂಟಿಮೀಟರ್ ಬೆಳೀಬೇಕು. ಅದಕ್ಕಿಂತ ಕಮ್ಮಿ ಆದ್ರೆ.
ಶುಗರ್ ಇಲ್ಲದೆ ವಿಪರೀತ ಬಾಯಾರಿಕೆ, ವಿಪರೀತ ಮೂತ್ರ ಇದ್ರೆ.
ಹದಿಹರೆಯದ ಹುಡುಗನಿಗೆ ಒಂದೇ ಕಡೆ ಮೂಗು ಕಟ್ಟಿ, ಮತ್ತೆ ಮತ್ತೆ ರಕ್ತ ಬಂದ್ರೆ.
ಮೈ ನೆರೆಯೋದು ತೀರಾ ಬೇಗ ಆದ್ರೆ, ಅಥವಾ ವಯಸ್ಸು ದಾಟಿದ್ರೂ ಸುಳಿವೇ ಇಲ್ಲದಿದ್ರೆ.

ಮನೆಯಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಬಹುದು. ಮಗುವಿನ ಎದುರು ಕೂತ್ಕೊಳ್ಳಿ. ಒಂದು ಕಣ್ಣು ಮುಚ್ಚಿಸಿ, ನಿಮ್ಮ ಮೂಗನ್ನೇ ನೋಡ್ತಿರು ಅನ್ನಿ. ನಿಮ್ಮ ಬೆರಳನ್ನ ಆಡಿಸ್ತಾ ಪಕ್ಕದಿಂದ ನಿಧಾನಕ್ಕೆ ಒಳಗೆ ತನ್ನಿ. ಕಂಡ ತಕ್ಷಣ ಹೇಳು ಅನ್ನಿ. ಆಮೇಲೆ ಇನ್ನೊಂದು ಕಣ್ಣು. ಬೆರಳು ಹತ್ತಿರ ಹತ್ತಿರ ಮುಖದ ಮುಂದೆ ಬರೋವರೆಗೂ ಕಾಣ್ತಿಲ್ಲ ಅಂದ್ರೆ ಕಣ್ಣಿನ ಡಾಕ್ಟರ್ ಹತ್ರ ಹೋಗೋಕೆ ಅಷ್ಟು ಸಾಕು. ಇದರಲ್ಲಿ ಸರಿ ಬಂತು ಅಂತ ಬಾಕಿ ಲಕ್ಷಣಗಳನ್ನ ಬಿಟ್ಟುಬಿಡಬೇಡಿ.

ಕನ್ನಡಕದ ಅಂಗಡಿಯಲ್ಲಿ ನೋಡೋದು ಪವರ್ ಎಷ್ಟು ಅಂತ. ಕಣ್ಣಿನ ಹಿಂದಿನ ನರ ಊದಿದೆಯಾ, ಬಿಳಿಚಿದೆಯಾ ಅಂತ ನೋಡೋದು ಬೇರೆ ಪರೀಕ್ಷೆ, ಫಂಡಸ್ ನೋಡೋದು ಅಂತಾರೆ. ಕಣ್ಣಿನ ಡಾಕ್ಟರ್ ಕೆಲವೇ ನಿಮಿಷದಲ್ಲಿ ಮಾಡ್ತಾರೆ. ಮಗು ಕರ್ಕೊಂಡು ಹೋದಾಗ ಬಾಯಿಬಿಟ್ಟು ಕೇಳಿ: ಸಾರ್, ನರವನ್ನೂ ಒಂದ್ಸಲ ನೋಡಿಬಿಡ್ತೀರಾ?

ಯಾಕಿಷ್ಟು ಆತುರ ಅಂದ್ರೆ, ಒತ್ತಡಕ್ಕೆ ಸಿಕ್ಕ ಕಣ್ಣಿನ ನರ ಬೇಗ ಬಿಡುಗಡೆ ಆದ್ರೆ ಚೇತರಿಸಿಕೊಳ್ಳಬಹುದು. ಬಹಳ ದಿನ ಒತ್ತಿ ನರವೇ ಬಿಳಿಚಿಹೋದ್ಮೇಲೆ ಜಗತ್ತಿನ ಯಾವ ಸರ್ಜನ್ ಗಡ್ಡೆ ತೆಗೆದ್ರೂ ಹೋದ ದೃಷ್ಟಿ ವಾಪಸ್ ಬರೋದು ಅಪರೂಪ.

ಭಾಗ 6/10

ಈಗ ಆಪರೇಷನ್. ಇಲ್ಲಿ ಭಯ ಕಮ್ಮಿ ಮಾಡ್ಕೊಂಡು, ಆಶ್ಚರ್ಯ ಜಾಸ್ತಿ ಮಾಡ್ಕೊಂಡು ಓದಿ.

ಹಳೇ ದಾರಿ ಅಂದ್ರೆ ಬುರುಡೆಯ ಮೂಳೆ ತೆಗೆದು, ಮೆದುಳನ್ನ ಸ್ವಲ್ಪ ಸರಿಸಿ ತಳದವರೆಗೆ ಹೋಗೋದು. ಈಗಲೂ ಎಷ್ಟೋ ಗಡ್ಡೆಗಳಿಗೆ ಅದೇ ಸರಿಯಾದ ದಾರಿ. ಇನ್ನೊಂದು ದಾರಿ ಕೆಳಗಿನಿಂದ, ಮೂಗಿನೊಳಗಿಂದ. 1907ರಲ್ಲೇ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಹರ್ಮನ್ ಶ್ಲಾಫರ್ ಅನ್ನೋ ಸರ್ಜನ್ ಮೂಗಿನ ದಾರಿಯಿಂದ ಪಿಟ್ಯುಟರಿ ಗಡ್ಡೆ ತೆಗೆದಿದ್ರು. 1990ರ ದಶಕದಲ್ಲಿ ಎಂಡೋಸ್ಕೋಪ್, ಅಂದ್ರೆ ತುದಿಯಲ್ಲಿ ಬೆಳಕಿರೋ ತೆಳ್ಳಗಿನ ಕೊಳವೆ, ಈ ದಾರಿಯನ್ನ ಪೂರ್ತಿ ಬದಲಾಯಿಸಿತು. ಈಗ ಮೂಗಿನ ಇಎನ್‌ಟಿ ಸರ್ಜನ್ನು, ಮೆದುಳಿನ ನ್ಯೂರೋಸರ್ಜನ್ನು ಒಟ್ಟಿಗೆ ನಿಂತು, ಎರಡು ಹೊಳ್ಳೆಗಳಿಂದ ನಾಲ್ಕು ಕೈಗಳಲ್ಲಿ ಕೆಲಸ ಮಾಡ್ತಾರೆ. ಮುಖದ ಮೇಲೆ ಒಂದು ಗಾಯವೂ ಇರಲ್ಲ.

ಒಳಗೆ ಹೋಗೋದಕ್ಕಿಂತ ಕಷ್ಟ ಇರೋದು ಬಾಗಿಲು ಮುಚ್ಚೋದ್ರಲ್ಲಿ. ಬುರುಡೆಯ ತಳದಲ್ಲಿ ತೂತು ಮಾಡಿದ್ಮೇಲೆ ಮೆದುಳಿನ ಸುತ್ತ ಇರೋ ನೀರು ಮೂಗಿಗೆ ಸೋರಬಹುದು. ಸೋರಿದ್ರೆ ಮೂಗಿನ ಸೋಂಕು ಮೆದುಳಿಗೆ ಹತ್ತಬಹುದು. ಇದಕ್ಕೆ ಒಂದು ಒಳ್ಳೇ ಉಪಾಯ 2006ರಲ್ಲಿ ಪ್ರಕಟ ಆಯ್ತು. ಅರ್ಜೆಂಟೀನಾದ ಹದಾದ್ ಮತ್ತು ಬಾಸಗಾಸ್ತೆಗಿ ಅನ್ನೋ ಡಾಕ್ಟರುಗಳ ಹೆಸರಲ್ಲಿದೆ ಅದು. ಎರಡು ಹೊಳ್ಳೆಗಳ ನಡುವಿನ ಗೋಡೆಯ ಒಳಪೊರೆಯನ್ನ, ಅದರ ರಕ್ತನಾಳ ಕತ್ತರಿಸದೆ, ಎಬ್ಬಿಸಿ ತಿರುಗಿಸಿ ತೂತಿನ ಮೇಲೆ ಹೊದಿಸೋದು. ಜೀವ ಇರೋ ತೇಪೆ. ತಾನಾಗೇ ಬೆಸೆದುಕೊಳ್ಳುತ್ತೆ.

ಆಂಜಿಯೋಫೈಬ್ರೋಮಾ ಇರೋ ಹುಡುಗರಿಗೆ ಇನ್ನೊಂದು ಹೆಜ್ಜೆ ಜಾಸ್ತಿ. ಆಪರೇಷನ್ನಿಗೆ ಒಂದೆರಡು ದಿನ ಮೊದಲು ರಕ್ತನಾಳದೊಳಗೆ ಸಣ್ಣ ಕೊಳವೆ ತೂರಿಸಿ, ಗಡ್ಡೆಗೆ ರಕ್ತ ಕೊಡೋ ನಾಳಗಳನ್ನ ಮುಚ್ಚಿಬಿಡ್ತಾರೆ. ಗದ್ದೆಗೆ ಹೋಗೋ ಕಾಲುವೆಯ ತೂಬು ಮೊದಲು ಇಳಿಸಿ ಆಮೇಲೆ ಗದ್ದೆಗೆ ಇಳಿಯೋ ಹಾಗೆ. ಹೇಮಾವತಿ ನಾಲೆ ಕೆಳಗೆ ಬೆಳೆದವರಿಗೆ ಇದನ್ನ ಬೇರೆ ವಿವರಿಸಬೇಕಿಲ್ಲ.

ಭಾಗ 7/10

ಮಗು ಅಂದ್ರೆ ಚಿಕ್ಕ ಸೈಜಿನ ದೊಡ್ಡವರಲ್ಲ. ಈ ಆಪರೇಷನ್ನಿನಲ್ಲಿ ಈ ಮಾತು ತುಂಬ ನಿಜ.

ಹೊಳ್ಳೆಯೇ ಸಣ್ಣದು, ಸಾಮಾನುಗಳಿಗೆ ಜಾಗ ಇಲ್ಲ. ದೊಡ್ಡವರಲ್ಲಿ ಪಿಟ್ಯುಟರಿಯ ಮುಂದೆ ಗಾಳಿ ತುಂಬಿದ ಒಂದು ಖಾಲಿ ಕೋಣೆ ಇರುತ್ತೆ, ಸ್ಫಿನಾಯ್ಡ್ ಸೈನಸ್. ಅದನ್ನ ದಾಟಿದ್ರೆ ಗ್ರಂಥಿ. ಪುಟ್ಟ ಮಕ್ಕಳಲ್ಲಿ ಆ ಕೋಣೆಯೇ ಆಗಿರಲ್ಲ, ಗಟ್ಟಿ ಮೂಳೆ ಇರುತ್ತೆ. ಮೂರು ವರ್ಷದ ಆಸುಪಾಸು ಗಾಳಿ ತುಂಬೋಕೆ ಶುರುವಾಗಿ, ಪೂರ್ತಿ ಆಗೋದು ಹದಿಹರೆಯಕ್ಕೆ. ಅಲ್ಲಿವರೆಗೆ ಸರ್ಜನ್ ಸಣ್ಣ ಡ್ರಿಲ್ಲಿನಲ್ಲಿ ದಾರಿ ಕೊರೀಬೇಕು. ಹೊದಿಸೋ ಪೊರೆಯೂ ಚಿಕ್ಕ ಮಕ್ಕಳಲ್ಲಿ ಸಾಕಾಗದೆ ಹೋಗಬಹುದು.

ಮತ್ತೆ ರಕ್ತ. ಮಗುವಿನ ಮೈಯಲ್ಲಿ ಕೆಜಿಗೆ ಸುಮಾರು 75 ಎಂಎಲ್ ರಕ್ತ ಇರುತ್ತೆ. 15 ಕೆಜಿ ಮಗು ಅಂದ್ರೆ ಒಂದು ಲೀಟರ್ ನಂದಿನಿ ಪ್ಯಾಕೆಟ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅದರಲ್ಲಿ 300 ಎಂಎಲ್ ಹೋದ್ರೆ ಕಾಲು ಭಾಗಕ್ಕಿಂತ ಜಾಸ್ತಿ ಹೋದ ಹಾಗೆ. ಅದಕ್ಕೇ ಇದರಲ್ಲಿ ಅನಸ್ತೇಷಿಯಾ ಡಾಕ್ಟರ್, ಐಸಿಯು ಸಿಸ್ಟರ್ ಸರ್ಜನ್ನಿನಷ್ಟೇ ಮುಖ್ಯ. ಆಪರೇಷನ್ ಆದ್ಮೇಲೆ ಮೂಗು ಜೋರಾಗಿ ಊದಬೇಡ, ಮುಕ್ಕಬೇಡ ಅಂತ ಆರು ವರ್ಷದ ಮಗುವನ್ನ ಒಪ್ಪಿಸೋದು ಯಾರು ಅಂದ್ಕೊಂಡ್ರಿ? ನರ್ಸಿಂಗ್ ಓದ್ತಿರೋ ನಮ್ಮ ಕ್ಲಾಸಿನವರೇ, ಅದು ನೀವೇ.

ಇನ್ನೊಂದು ವಿಷಯ: ಗಡ್ಡೆ ಎಲ್ಲ ತೆಗೆದ್ರಾ ಅಂತ ನೆಂಟರು ಕೇಳೋದು ಇದೊಂದೇ ಪ್ರಶ್ನೆ. ಕ್ರೇನಿಯೋಫ್ಯಾರಿಂಜಿಯೋಮಾದಲ್ಲಿ ಪೂರ್ತಿ ತೆಗೆಯೋದೇ ಯಾವಾಗಲೂ ಗೆಲುವಲ್ಲ. ಹೈಪೋಥಲಾಮಸ್‌ಗೆ ಅಂಟಿದ್ದನ್ನ ಕಿತ್ತರೆ ಮಗು ಹೊಟ್ಟೆ ತುಂಬೋದೇ ಗೊತ್ತಾಗದೆ ತಿಂದು ತಿಂದು ದಪ್ಪ ಆಗಬಹುದು, ನಿದ್ದೆ ನೆನಪು ಕೆಡಬಹುದು. ಅದಕ್ಕೆ ಎಷ್ಟೋ ಕಡೆ ಸ್ವಲ್ಪ ಭಾಗ ಬಿಟ್ಟು, ಉಳಿದದ್ದಕ್ಕೆ ರೇಡಿಯೇಷನ್ ಕೊಡ್ತಾರೆ. ಕೆಲವು ಗಡ್ಡೆಗಳಿಗೆ ಚಾಕುವೇ ಮೊದಲಲ್ಲ. ರ‍್ಯಾಬ್ಡೋಮಯೋಸಾರ್ಕೋಮಾಕ್ಕೆ ಮುಖ್ಯ ಚಿಕಿತ್ಸೆ ಕೀಮೋ ಮತ್ತೆ ರೇಡಿಯೇಷನ್. ಕಣ್ಣಿನ ನರದ ಗ್ಲಿಯೋಮಾಕ್ಕೂ ಎಷ್ಟೋ ಸಲ ಕೀಮೋ ಮೊದಲು. ಡಾಕ್ಟರ್ ಸ್ವಲ್ಪ ಬಿಟ್ಟಿದ್ದೀವಿ ಅಂದ್ರೆ ಕೈಲಾಗಲಿಲ್ಲ ಅಂತ ಅರ್ಥ ಮಾಡ್ಕೋಬೇಡಿ. ಮಗುವಿನ ಮುಂದಿನ ಅರವತ್ತು ವರ್ಷ ನೆನೆದು ಬಿಟ್ಟಿರ್ತಾರೆ.

ಭಾಗ 8/10

ಸರಿ, ಆಪರೇಷನ್ ಆಯ್ತು. ಮಗು ಊರಿಗೆ ಬಂತು. ಎಲ್ಲರೂ ಬಂದು ನೋಡ್ಕೊಂಡು, ಹಣ್ಣು ಕೊಟ್ಟು, ದೇವರು ದೊಡ್ಡವನು ಅಂದು ಹೋದ್ರು. ಕಥೆ ಅಲ್ಲಿಗೆ ಮುಗಿಯಿತು ಅಂತ ನಮಗನ್ನಿಸುತ್ತೆ. ನನ್ನ ಪ್ರಕಾರ ಕಷ್ಟದ ಅರ್ಧ ಅಲ್ಲಿಂದ ಶುರು.

ಪಿಟ್ಯುಟರಿ ಕೆಲಸ ನಿಲ್ಲಿಸಿದ್ರೆ ಅದು ಮಾಡ್ತಿದ್ದ ಕೆಲಸ ಎಲ್ಲ ಮಾತ್ರೆ ಇಂಜೆಕ್ಷನ್ ಮಾಡ್ಬೇಕು. ಥೈರಾಯ್ಡ್ ಮಾತ್ರೆ, ಹೈಡ್ರೋಕಾರ್ಟಿಸೋನ್ ಮಾತ್ರೆ, ನೀರು ಹಿಡಿಯೋ ಡೆಸ್ಮೋಪ್ರೆಸಿನ್, ಎತ್ತರಕ್ಕೆ ಗ್ರೋತ್ ಹಾರ್ಮೋನ್, ವಯಸ್ಸಿಗೆ ಬಂದಾಗ ಮೈ ನೆರೆಯೋಕೆ ಹಾರ್ಮೋನ್. ಬಹಳ ಮಕ್ಕಳಿಗೆ ಇವುಗಳಲ್ಲಿ ಹೆಚ್ಚಿನವು ಜೀವನಪೂರ್ತಿ. ಡೆಸ್ಮೋಪ್ರೆಸಿನ್ ಎಲ್ಲ ಮೆಡಿಕಲ್ ಸ್ಟೋರಲ್ಲೂ ಸಿಗೋ ಮಾತ್ರೆಯಲ್ಲ. ಮುಗಿಯೋ ಹಿಂದಿನ ದಿನ ಹುಡುಕೋಕೆ ಹೊರಟ್ರೆ ಆಗಲ್ಲ.

ಎಲ್ಲಕ್ಕಿಂತ ಮುಖ್ಯ ಹೈಡ್ರೋಕಾರ್ಟಿಸೋನ್. ನಮಗೆ ಜ್ವರ ಬಂದ್ರೆ ದೇಹ ತಾನೇ ಈ ಹಾರ್ಮೋನನ್ನ ಜಾಸ್ತಿ ಸುರಿಸುತ್ತೆ. ಈ ಮಕ್ಕಳಿಗೆ ಅದು ಆಗಲ್ಲ. ಜ್ವರ, ವಾಂತಿ, ಭೇದಿ, ಅಪಘಾತ, ಏನಾದ್ರೂ ಆದ್ರೆ ಡಾಕ್ಟರ್ ಬರೆದುಕೊಟ್ಟ ಪ್ರಕಾರ ಡೋಸ್ ಹೆಚ್ಚಿಸಬೇಕು. ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ರೆ ತಕ್ಷಣ ಇಂಜೆಕ್ಷನ್ ಬೇಕು. ಇಲ್ಲಾಂದ್ರೆ ಬಿಪಿ ಬಿದ್ದು, ಶುಗರ್ ಬಿದ್ದು, ಮಗು ಕೆಲವೇ ಗಂಟೆಗಳಲ್ಲಿ ಪ್ರಾಣ ಕಳ್ಕೊಳ್ಳಬಹುದು. ಹತ್ತು ಗಂಟೆ ನಡೆದ ಆಪರೇಷನ್ ಗೆದ್ದ ಮಗುವನ್ನ ಒಂದು ರಾತ್ರಿಯ ವಾಂತಿಗೆ ಕಳ್ಕೊಂಡ್ರೆ ಅದಕ್ಕಿಂತ ದೊಡ್ಡ ಅನ್ಯಾಯ ಯಾವುದು? ಆ ಇಂಜೆಕ್ಷನ್ ಹಳೇದು, ಅಗ್ಗದ್ದು. ಬೇಕಾಗಿರೋದು ಆ ರಾತ್ರಿ ಡ್ಯೂಟಿಯಲ್ಲಿ ಇರೋರಿಗೆ ವಿಷಯ ಗೊತ್ತಿರೋದು.

ಅದಕ್ಕೆ ಒಂದು ಕಾರ್ಡ್. ಮಗುವಿನ ಸ್ಕೂಲ್ ಬ್ಯಾಗಲ್ಲಿ, ಐಡಿ ಕಾರ್ಡ್ ಹಿಂದೆ, ಕನ್ನಡದಲ್ಲಿ: ಈ ಮಗುವಿಗೆ ಸ್ಟೀರಾಯ್ಡ್ ಮಾತ್ರೆ ನಿಲ್ಲಿಸಬಾರದು, ವಾಂತಿ ಅಥವಾ ಪ್ರಜ್ಞೆ ತಪ್ಪಿದ್ರೆ ಕೂಡಲೇ ಆಸ್ಪತ್ರೆಗೆ. ಕ್ಲಾಸ್ ಟೀಚರಿಗೂ ಒಂದು ಕಾಪಿ.

ಮತ್ತೆ, ಆ ಮಗು ದಪ್ಪ ಆದ್ರೆ, ಕುಳ್ಳಗೆ ಉಳಿದ್ರೆ, ನೋಟ್ಸ್ ಬರೆಯೋದು ನಿಧಾನ ಆದ್ರೆ ಅಡ್ಡಹೆಸರು ಇಡಬೇಡಿ. ಇಡೋರನ್ನ ನೋಡಿ ನಗಬೇಡಿ.

ಭಾಗ 9/10

ಇಲ್ಲಿ ಕೆಲವರಿಗೆ ನನ್ನ ಮಾತು ಹಿಡಿಸಲ್ಲ. ಕಾಮೆಂಟಲ್ಲಿ ಜಗಳ ಆಡಿ, ಪರವಾಗಿಲ್ಲ.

ಇಂಥ ವಿಷಯ ಬಂದಾಗೆಲ್ಲ ನಾವು ಕೇಳೋದು ಒಂದೇ: ಹಾಸನದಲ್ಲೇ ಯಾಕಿಲ್ಲ ಈ ಆಪರೇಷನ್? ನನಗೆ ಅದು ಬೇಡ. ಒಂದು ಜಿಲ್ಲೆಗೆ ವರ್ಷಕ್ಕೆ ಬೆರಳೆಣಿಕೆಯ ಕೇಸ್ ಬರೋ ಆಪರೇಷನ್ ಇದು. ವರ್ಷಕ್ಕೊಂದು ಮಾಡೋ ಕೈಗೆ ಮಗು ಕೊಡೋದಕ್ಕಿಂತ, ಇದನ್ನೇ ಮಾಡಿ ಮಾಡಿ ಪಳಗಿದ ತಂಡದ ಹತ್ರ ಕರ್ಕೊಂಡು ಹೋಗೋದು ಮೇಲು. ಅಂಥ ಜಾಗ ನಮ್ಮ ರಾಜ್ಯದಲ್ಲೇ ಇದೆ. ನ್ಯೂರೋಸರ್ಜನ್ ಆಗಿದ್ದ ಡಾ. ಆರ್. ಎಂ. ವರ್ಮ ಅವರು ಮೊದಲ ನಿರ್ದೇಶಕರಾಗಿ 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಬೆಂಗಳೂರಿನ ಹೊಸೂರು ರಸ್ತೆಯಲ್ಲಿದೆ. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಎರಡೂ ಅದರ ಹತ್ತಿರದಲ್ಲೇ. ಹಾಸನದಿಂದ ಸುಮಾರು 185 ಕಿಲೋಮೀಟರ್. 2017ರಿಂದ ಚನ್ನರಾಯಪಟ್ಟಣ, ಶ್ರವಣಬೆಳಗೊಳದ ಮೇಲೆ ನೇರ ರೈಲೂ ಇದೆ. ಅರಕಲಗೂಡಿಗೆ ರೈಲಿಲ್ಲ, ಅಲ್ಲಿಯವರು ಮೊದಲು ಹಾಸನಕ್ಕೆ ಬಸ್ ಹತ್ತಬೇಕು.

ದುಡ್ಡು? 2018ರಿಂದ ಇರೋ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30 ಪರ್ಸೆಂಟ್, ವರ್ಷಕ್ಕೆ 1.5 ಲಕ್ಷದವರೆಗೆ. ತುರ್ತು ಅಲ್ಲದಿದ್ರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಆದ್ರೆ ಕಾರ್ಡು ಬಸ್ ಚಾರ್ಜ್ ಕೊಡಲ್ಲ, ತಪ್ಪಿದ ಕೂಲಿ ಕೊಡಲ್ಲ, ಹಸು ಹಾಲು ಕರೆಯೋಕೆ ಬರಲ್ಲ. ತಿಂಗಳು ತಿಂಗಳು ಫಾಲೋಅಪ್ ತಪ್ಪೋದು ಅಲ್ಲೇ.

ಹಾಗಾಗಿ ನಾವು ಕೇಳಬೇಕಾದ್ದು ಬೇರೆ. ಒಂದು, ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಮಗುವಿನ ಕಣ್ಣಿನ ನರ ನೋಡೋ ವ್ಯವಸ್ಥೆ ವಾರದ ಎಲ್ಲ ದಿನ. ಎರಡು, ಸ್ಕೂಲಲ್ಲಿ ವರ್ಷಕ್ಕೊಮ್ಮೆ ಎತ್ತರ ಬರೆದಿಟ್ಟು, ಹೋದ ವರ್ಷದ್ದಕ್ಕೆ ಹೋಲಿಸೋದು. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ, ಸರ್ಕಾರಿ ಸ್ಕೂಲಿಗೆ ಬರ್ತಾನೇ ಇವೆ. ಬರೆಯೋದರ ಜೊತೆ ಹೋಲಿಕೆಯೂ ಆಗಲಿ. ಮೂರು, ಆಪರೇಷನ್ ಆದ ಮಗುವಿನ ಹಾರ್ಮೋನ್ ಔಷಧಿ ಜಿಲ್ಲೆಯಲ್ಲೇ ಸಿಗಲಿ, ಫಾಲೋಅಪ್‌ನ ಅರ್ಧ ಭಾಗ ಹಿಮ್ಸ್‌ನಲ್ಲೇ, ಶ್ರೀ ಚಾಮರಾಜೇಂದ್ರ ಆಸ್ಪತ್ರೆಯಲ್ಲೇ ಆಗಲಿ.

ಅಪರೂಪದ ಕಾಯಿಲೆಗೆ ಇಷ್ಟೆಲ್ಲ ಯಾಕೆ ಅಂತೀರಾ? ಅದೇ ಎತ್ತರದ ಪಟ್ಟಿ ಅಪೌಷ್ಟಿಕತೆ ಹಿಡಿಯುತ್ತೆ, ಥೈರಾಯ್ಡ್ ಹಿಡಿಯುತ್ತೆ. ಅದೇ ಕಣ್ಣಿನ ಪರೀಕ್ಷೆ ಮೆದುಳಿನ ಬೇರೆ ಗಡ್ಡೆ, ಮೆದುಳಲ್ಲಿ ನೀರು ತುಂಬೋದು ಎಲ್ಲದರ ಸುಳಿವು ಕೊಡುತ್ತೆ. ಒಬ್ಬ ಮಗುವಿಗೆ ಅಂತ ಹಾಕಿದ ದಾರಿಯಲ್ಲಿ ನೂರು ಮಕ್ಕಳು ಹೋಗ್ತಾರೆ.

ಭಾಗ 10/10

ಜನರಿಗೆ ಹೇಳಿದ್ರೆ ಏನಾಗುತ್ತೆ ಅನ್ನೋರಿಗೆ ಒಂದು ಉದಾಹರಣೆ. ಬ್ರಿಟನ್ನಿನಲ್ಲಿ 2011ರಲ್ಲಿ ಹೆಡ್‌ಸ್ಮಾರ್ಟ್ ಅಂತ ಒಂದು ಅಭಿಯಾನ ಶುರುವಾಯ್ತು. ದೊಡ್ಡ ಮಷೀನ್ ಏನೂ ಅಲ್ಲ. ಮಕ್ಕಳ ಮೆದುಳು ಗಡ್ಡೆಯ ಲಕ್ಷಣಗಳನ್ನ ವಯಸ್ಸಿನ ಪ್ರಕಾರ ಬರೆದ ಒಂದು ಚಿಕ್ಕ ಕಾರ್ಡು, ಸ್ಕೂಲಿಗೆ, ಅಪ್ಪ ಅಮ್ಮಂದಿರಿಗೆ, ಡಾಕ್ಟರಿಗೆ. ಮೊದಲ ಲಕ್ಷಣದಿಂದ ರೋಗ ಗೊತ್ತಾಗೋಕೆ ಅಲ್ಲಿ ಮೊದಲು ಸುಮಾರು 14 ವಾರ ಹಿಡೀತಿತ್ತು. ಕೆಲವೇ ವರ್ಷಗಳಲ್ಲಿ ಅದು 7 ವಾರದ ಒಳಗೆ ಬಂತು. ಕಾಗದದ ಕಾರ್ಡು ಮಾಡಿದ ಕೆಲಸ ಅದು.

ನಮ್ಮ ಹತ್ರ ಕಾಗದಕ್ಕಿಂತ ಒಳ್ಳೇದಿದೆ. ನೀವಿದ್ದೀರ. ಚನ್ನರಾಯಪಟ್ಟಣದಿಂದ ದಿನಾ ಬಸ್ಸಲ್ಲಿ ಹಾಸನಕ್ಕೆ ಕಾಲೇಜಿಗೆ ಬರೋರು, ಹೊಳೆನರಸೀಪುರದ ಮನೆಯಲ್ಲಿ ಮೊದಲ ಸಲ ಡಿಗ್ರಿ ಓದ್ತಿರೋರು, ಅರಕಲಗೂಡಿನ ಹಳ್ಳಿಯಲ್ಲಿ ಅಜ್ಜಿಗೆ ಬಿಪಿ ಮಾತ್ರೆ ಹೆಸರು ಓದಿ ಹೇಳೋರು. ಮನೆಯಲ್ಲಿ ಪೇಪರ್ ವರ್ಕ್ ಮಾಡೋದು, ಆನ್‌ಲೈನ್ ಅರ್ಜಿ ಹಾಕೋದು ನೀವೇ. ಹಾಗಾಗಿ ಮೊದಲ ಊಹೆ ಫೇಲ್ ಆದಾಗ ಎರಡನೇ ಪ್ರಶ್ನೆ ಕೇಳೋ ಹಕ್ಕೂ ನಿಮ್ಮದೇ. ದೊಡ್ಡವರ ಮುಂದೆ ಜಗಳ ಆಡೋದು ಬೇಡ. ದೃಷ್ಟಿ ತೆಗೀತೀವಿ ಅಂದ್ರೆ ತೆಗೀಲಿ, ಹಾಸನಾಂಬೆಗೆ ಹರಕೆ ಹೊತ್ತುಕೊಳ್ಳಲಿ. ಮಾರನೇ ದಿನ ಬೆಳಗಿನ ಬಸ್ಸಿಗೆ ಮಗು ಜೊತೆ ನೀವು ಹತ್ತಿ. ದೊಡ್ಡಪ್ಪ, ಒಂದ್ಸಲ ತೋರಿಸ್ಕೊಂಡು ಬಂದ್ಬಿಡ್ತೀನಿ ಅಂದ್ರೆ ಬೇಡ ಅನ್ನೋರು ಕಮ್ಮಿ.

ಈ ಭಾನುವಾರಕ್ಕೆ ಒಂದೇ ಕೆಲಸ. ಮನೆಯ ಮಕ್ಕಳನ್ನ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ, ಚಪ್ಪಲಿ ತೆಗೆಸಿ, ತಲೆ ಮೇಲೆ ಒಂದು ಪುಸ್ತಕ ಇಟ್ಟು ಪೆನ್ಸಿಲಲ್ಲಿ ಗೆರೆ ಎಳೀರಿ. ಪಕ್ಕದಲ್ಲಿ ಹೆಸರು, ತಾರೀಖು, ಸೆಂಟಿಮೀಟರ್ ಬರೀರಿ. ಆರು ತಿಂಗಳಿಗೆ ಮತ್ತೊಂದು ಗೆರೆ. ಸುಣ್ಣ ಹೊಡೆಯುವಾಗ ಆ ಜಾಗ ಬಿಡಿ ಅಂತ ಅಮ್ಮನಿಗೆ ಹೇಳಿ.

ನರ್ಸಿಂಗ್, ಪ್ಯಾರಾಮೆಡಿಕಲ್ ಗೆಳೆಯರಿಗೆ ಇನ್ನೊಂದು. ಐದನೇ ಭಾಗದ ಪಟ್ಟಿಯನ್ನ ಒಂದು ಪುಟದಲ್ಲಿ ಕೈಯಲ್ಲೇ ಬರೆದು, ನಿಮ್ಮೂರ ಸ್ಕೂಲಿನ ಹೆಡ್‌ಮಾಸ್ಟರಿಗೆ, ಆಶಾ ಅಕ್ಕನಿಗೆ, ಕನ್ನಡಕದ ಅಂಗಡಿಯವರಿಗೆ ಕೊಡಿ. ಕೊಟ್ಟದ್ದನ್ನ ಸ್ಟೋರಿ ಹಾಕಿ ಟ್ಯಾಗ್ ಮಾಡಿ. ಮಗುವಿನ ಫೋಟೋ, ಹೆಸರು ಮಾತ್ರ ಬೇಡ.

ಯಾವ ತಾಲ್ಲೂಕಿನ ಎಷ್ಟು ಸ್ಕೂಲಿಗೆ ಹೋಯ್ತು ಅಂತ ಮುಂದಿನ ತಿಂಗಳು ಲೆಕ್ಕ ಹಾಕ್ತೀನಿ. ಅರಕಲಗೂಡಿನವರು ಹಿಂದೆ ಬೀಳಬೇಡಿ, ಚನ್ನರಾಯಪಟ್ಟಣದವರು ಆಗಲೇ ಮೆಸೇಜ್ ಮಾಡೋಕೆ ಶುರು ಮಾಡಿದ್ದಾರೆ.

#ಹಾಸನ #ಹೊಳೆನರಸೀಪುರ #ಅರಕಲಗೂಡು #ಚನ್ನರಾಯಪಟ್ಟಣ #ಎರಡನೇಪ್ರಶ್ನೆ #ಮಕ್ಕಳಆರೋಗ್ಯ